ಹಿಂದಿನ ಟೈರಿನ ಒಳ ಅಂಚು

"ಟೈರ್ ಇನ್ನೂ ಚೆನ್ನಾಗಿದೆಯಪ್ಪಾ, ಅಲೈನ್‌ಮೆಂಟ್ ಒಂದು ಮಾಡಿಕೊಡು ಸಾಕು," ಎಂದು ಭಾವ ಎರಡನೇ ಸಲ ಹೇಳಿದರು. ಬೆಂಗಳೂರಿನ ಜೆ.ಸಿ. ರಸ್ತೆಗೆ ಸೇರುವ ಗಲ್ಲಿಯೊಂದರ ಟೈರ್ ಅಂಗಡಿಯಲ್ಲಿ ಅವರ ಬಿಎಂಡಬ್ಲ್ಯು 330ಐ ಲಿಫ್ಟಿನ ಮೇಲೆ ಆಳೆತ್ತರಕ್ಕೆ ಏರಿ ನಿಂತಿತ್ತು. ನನಗೂ ಭಾವನ ಮಾತು ಸರಿ ಎನಿಸಿತು. ಹೊರಗಿನಿಂದ ಕಾಣುವಷ್ಟು ಭಾಗದಲ್ಲಿ ಗ್ರಿಪ್ ಚೆನ್ನಾಗಿಯೇ ಇತ್ತು. ಅಂಗಡಿಯ ಹುಡುಗ ವಾದಕ್ಕೆ ಬರಲಿಲ್ಲ. ಹಿಂದಿನ ಚಕ್ರದ ಒಳಬದಿಗೆ ಮೊಬೈಲಿನ ಟಾರ್ಚ್ ಹಿಡಿದು, "ಇಲ್ಲಿ ಕೈಯಾಡಿಸಿ ನೋಡಿ ಸಾರ್, ತಂತಿ ಬಂದಿದೆ," ಎಂದ.

ಬಂದಿತ್ತು. ಟೈರಿನ ಒಳ ಅಂಚಿನಲ್ಲಿ ಎರಡು ಬೆರಳು ಅಗಲದ ಪಟ್ಟಿಯಷ್ಟು ರಬ್ಬರ್ ಪೂರ್ತಿ ಸವೆದು, ಉಕ್ಕಿನ ಎಳೆಗಳು ಬೆರಳಿಗೆ ಚುಚ್ಚುತ್ತಿದ್ದವು. ಹಿಂದಿನ ವಾರವಷ್ಟೇ ಅಕ್ಕ ಮತ್ತು ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಮಳೆಯಲ್ಲಿ ಶಿರಾಡಿ ಘಾಟಿ ಹತ್ತಿ ಮಂಗಳೂರಿನಿಂದ ಬಂದಿದ್ದರು. ಭಾವ ಮಾತಿಲ್ಲದೆ ಪಕ್ಕದ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಇಂಥ ಕಾರುಗಳ ಹಿಂದಿನ ಟೈರಿಗೆ ಅಕ್ಷರಶಃ ಒಪ್ಪುತ್ತದೆ. ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗಲೂ ಟೈರಿನ ಪೂರ್ತಿ ಅಗಲ ನೆಲ ಕಚ್ಚಿಕೊಂಡಿರಲಿ ಎಂದು ಎಂಜಿನಿಯರುಗಳು ಚಕ್ರದ ಮೇಲ್ಭಾಗವನ್ನು ಕೊಂಚ ಒಳಕ್ಕೆ ವಾಲಿಸಿರುತ್ತಾರೆ. ಇದಕ್ಕೆ ನೆಗೆಟಿವ್ ಕ್ಯಾಂಬರ್ ಎಂದು ಹೆಸರು. ತಿರುವಿನಲ್ಲಿ ಅದು ವರ. ಆದರೆ ನೇರ ರಸ್ತೆಯಲ್ಲಿ ಭಾರ ಹೆಚ್ಚಾಗಿ ಒಳ ಅಂಚಿನ ಮೇಲೇ ಬೀಳುತ್ತದೆ. ಗುಂಡಿಗೆ ಇಳಿದು ಅಲೈನ್‌ಮೆಂಟ್ ಸ್ವಲ್ಪ ಹದಗೆಟ್ಟರೆ ಆ ಅಂಚು ಇನ್ನೂ ಬೇಗ ಹೋಗುತ್ತದೆ. ಕಾರಿನ ಪಕ್ಕ ನಿಂತು ನೋಡುವವರಿಗೆ ಇದು ಕಾಣುವುದೇ ಇಲ್ಲ.

ಅಂದು ಮಧ್ಯಾಹ್ನವೆಲ್ಲ ನಾವು ಆ ಅಂಗಡಿಯಲ್ಲೇ ಕಳೆದೆವು. ನಾಲ್ಕು ಟೈರಿನ ಬೆಲೆ ಲಕ್ಷ ರೂಪಾಯಿಯ ಹತ್ತಿರ ಬರುತ್ತಿತ್ತು. ಅಷ್ಟು ಹಣ ಕೊಡುವಾಗ ಏನು ಕೇಳಬೇಕು, ಏನನ್ನು ನೋಡಬೇಕು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಕಾರು ಕೊಳ್ಳುವಾಗ ಆರು ತಿಂಗಳು ವಿಚಾರಿಸುವವರು ಟೈರನ್ನು ಹದಿನೈದು ನಿಮಿಷದಲ್ಲಿ ಕೊಂಡು ಬರುತ್ತಾರೆ. ಅದಕ್ಕೇ ಈ ಲೇಖನ.

ಮೊದಲು ಒಂದು ಲೆಕ್ಕ. ಈ ಕಾರು, ಅದರಲ್ಲಿ ಕೂತವರು ಎಲ್ಲ ಸೇರಿ ಹೆಚ್ಚುಕಡಿಮೆ 1,600 ಕಿಲೊ ಎಂದುಕೊಳ್ಳೋಣ. ಮುಂದಕ್ಕೂ ಹಿಂದಕ್ಕೂ ಭಾರ ಸಮನಾಗಿ ಹಂಚಿರುವ ಕಾರು ಇದು. ಹಾಗಾಗಿ ಒಂದೊಂದು ಟೈರಿನ ಪಾಲಿಗೆ 400 ಕಿಲೊ. ಒಳಗಿನ ಗಾಳಿಯ ಒತ್ತಡ 33 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೊ. ಭಾಗಿಸಿದರೆ 175 ಚದರ ಸೆಂಟಿಮೀಟರ್‌ನಷ್ಟು ಬರುತ್ತದೆ. ದೊಡ್ಡವರ ಒಂದು ಅಂಗೈಯಷ್ಟು ಜಾಗ. 258 ಅಶ್ವಶಕ್ತಿಯ ಎಂಜಿನ್, ದೊಡ್ಡ ಬ್ರೇಕುಗಳು, ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್, ಏರ್‌ಬ್ಯಾಗುಗಳು, ಇವೆಲ್ಲವೂ ಕೊನೆಗೆ ನೆಲಕ್ಕೆ ಮಾತಾಡುವುದು ನಾಲ್ಕು ಅಂಗೈಗಳ ಮೂಲಕ. ಅದರಲ್ಲಿ ಎರಡರ ಒಳ ಅಂಚು ತಂತಿಯವರೆಗೆ ಸವೆದ ಮೇಲೆ ಆ ಯಂತ್ರಗಳೆಲ್ಲ ಏನು ಮಾಡಿಯಾವು?

ಟೈರಿನ ಪಕ್ಕೆಯ ಮೇಲೆ ಬರೆದಿರುವ ಅಕ್ಷರಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಭಾವನ ಕಾರಿನ ಮುಂದಿನ ಟೈರಿನ ಮೇಲೆ 225/45 ಆರ್18 ಎಂದಿತ್ತು. ಅಗಲ 225 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ಶೇ 45, ರಿಮ್ಮಿನ ಅಳತೆ 18 ಇಂಚು. ನಡುವಿನ 'ಆರ್' ಅಂದರೆ ರೇಡಿಯಲ್. ಹಿಂದೆ 255/40 ಆರ್18. ಹಿಂದಿನ ಟೈರ್ ಅಗಲದಲ್ಲಿ ದೊಡ್ಡದಾದರೂ ಲೆಕ್ಕ ಹಾಕಿದರೆ ಎರಡೂ ಚಕ್ರಗಳ ಒಟ್ಟು ಎತ್ತರ 660 ಮಿಲಿಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೀಗೆ ಹಿಂದೆ ಮುಂದೆ ಬೇರೆ ಬೇರೆ ಅಳತೆ ಇರುವುದರಿಂದ ಸಾಮಾನ್ಯ ಕಾರಿನಂತೆ ಮುಂದಿನ ಟೈರನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಾಯಿಸಿ ಸವೆತ ಹಂಚುವಂತಿಲ್ಲ. ಎಂಜಿನ್ ಎಳೆಯುವುದೂ ಹಿಂದಿನ ಚಕ್ರಗಳನ್ನೇ. ಆದ್ದರಿಂದ ಹಿಂದಿನ ಜೋಡಿ ಮೊದಲು ಹೋಗುತ್ತದೆ.

ಅಳತೆಯ ಪಕ್ಕದಲ್ಲೇ 95ವೈ ಎಂಬಂಥ ಗುರುತು ಇರುತ್ತದೆ. 95 ಅಂದರೆ ಒಂದು ಟೈರ್ 690 ಕಿಲೊ ಹೊರಬಲ್ಲದು. 91 ಆದರೆ 615 ಕಿಲೊ ಮಾತ್ರ. 'ವೈ' ಅಂದರೆ ಗಂಟೆಗೆ 300 ಕಿ.ಮೀ. ವೇಗ ತಡೆಯಬಲ್ಲ ಕಟ್ಟು. 'ಡಬ್ಲ್ಯು' 270, 'ವಿ' 240. ನಮ್ಮ ರಸ್ತೆಯಲ್ಲಿ ಯಾರು 300ರಲ್ಲಿ ಓಡಿಸುತ್ತಾರೆ ಎಂದು ಕೇಳಬಹುದು. ಯಾರೂ ಓಡಿಸಬಾರದು. ಆದರೆ ಈ ಅಂಕಿಗಳು ಟೈರ್ ಎಷ್ಟು ಬಿಸಿ, ಎಷ್ಟು ಭಾರ ತಾಳುತ್ತದೆ ಎಂಬುದರ ಗುರುತು. ಚಾಲಕನ ಬಾಗಿಲ ಕಂಬದ ಮೇಲಿನ ಸ್ಟಿಕ್ಕರ್ ಹೇಳುವುದಕ್ಕಿಂತ ಕೆಳಗಿನ ದರ್ಜೆಗೆ ಇಳಿಯಬೇಡಿ, ಅಂಗಡಿಯವರು ಎಷ್ಟೇ ರಿಯಾಯಿತಿ ಕೊಟ್ಟರೂ.

ಇನ್ನು ಕೆಲವು ಟೈರುಗಳ ಮೇಲೆ ಪುಟ್ಟ ನಕ್ಷತ್ರವೊಂದು ಇರುತ್ತದೆ. ಅದು ಬಿಎಂಡಬ್ಲ್ಯು ತನ್ನ ಕಾರಿಗೆಂದು ಪರೀಕ್ಷಿಸಿ ಒಪ್ಪಿದ ಟೈರ್. ಮರ್ಸಿಡಿಸ್‌ಗೆ 'ಎಂಒ', ಆಡಿಗೆ 'ಎಒ', ಪೋರ್ಷೆಗೆ 'ಎನ್' ಜೊತೆಗೊಂದು ಅಂಕಿ. ಸಿಕ್ಕರೆ ಅದನ್ನೇ ಕೊಳ್ಳಿ. ಸಿಗದಿದ್ದರೆ ನಾಲ್ಕೂ ಟೈರ್ ಒಂದೇ ಕಂಪನಿಯ ಒಂದೇ ಮಾದರಿಯದಾಗಿರಲಿ. ನಕ್ಷತ್ರವಿರುವ ಎರಡು, ಬೇರೆ ಯಾವುದೋ ಎರಡು ಎಂದು ಬೆರೆಸುವುದಕ್ಕಿಂತ ಇದು ಮೇಲು. ಎಕ್ಸ್‌ಡ್ರೈವ್, ಕ್ವಾಟ್ರೊ ಎಂಬ ನಾಲ್ಕು ಚಕ್ರ ಎಳೆತದ ಕಾರುಗಳಲ್ಲಂತೂ ಹೊಸದು ಹಳೆಯದು ಬೆರೆಸಲೇಬಾರದು. ಚಕ್ರಗಳ ಸುತ್ತಳತೆ ಹೆಚ್ಚುಕಡಿಮೆಯಾದರೆ ಶಕ್ತಿ ಹಂಚುವ ಪೆಟ್ಟಿಗೆ ಬಿಡುವಿಲ್ಲದೆ ಸೆಣಸಿ ಕೆಡುತ್ತದೆ, ಅದರ ಮುಂದೆ ಟೈರಿನ ಖರ್ಚು ಏನೂ ಅಲ್ಲ.

ಭಾವನ ಮಗ ಅಲ್ಲೇ ಒಂದು ಬೇಡಿಕೆ ಇಟ್ಟ. "ಅಪ್ಪಾ, 19 ಇಂಚಿನ ರಿಮ್ ಹಾಕಿಸೋಣ, ಸಖತ್ತಾಗಿ ಕಾಣುತ್ತೆ." ಹುಡುಗನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಪಕ್ಕೆಯ ಲೆಕ್ಕ ನೋಡಿ. 225/45 ಆರ್18ರಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ 101 ಮಿಲಿಮೀಟರ್ ರಬ್ಬರ್ ಮತ್ತು ಗಾಳಿ ಇದೆ. 225/40 ಆರ್19ಕ್ಕೆ ಹೋದರೆ ಅದು 90ಕ್ಕೆ ಇಳಿಯುತ್ತದೆ. 17 ಇಂಚಿನ ರಿಮ್ಮಿಗೆ 225/50 ಹಾಕಿದರೆ 112 ಮಿಲಿಮೀಟರ್ ಸಿಗುತ್ತದೆ. ಮಳೆಗಾಲ ಕಳೆದ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನೀರು ತುಂಬಿದ ಗುಂಡಿಗೆ ಚಕ್ರ ಇಳಿದಾಗ ಈ ಒಂದು ಸೆಂಟಿಮೀಟರ್ ರಿಮ್ಮನ್ನು ಉಳಿಸುತ್ತದೆ, ಇಲ್ಲವೇ ಬೆಂಡ್ ಮಾಡುತ್ತದೆ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಪಕ್ಕೆಯ ಒಳಗಿನ ದಾರಗಳು ಕತ್ತರಿಸಿದರೆ ಅಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರಿಗೆ ರಿಪೇರಿ ಎಂಬುದಿಲ್ಲ. ಬಿಎಂಡಬ್ಲ್ಯು ಎಂಜಿನಿಯರುಗಳು 3 ಸೀರೀಸ್‌ಗೆ 17 ಇಂಚನ್ನೂ ಒಪ್ಪಿದ್ದಾರೆ. ದೊಡ್ಡ ಬ್ರೇಕ್ ಇರುವ ಮಾದರಿಗಳಲ್ಲಿ ಅದು ಕೂರದಿರಬಹುದು, ನೋಡಿಕೊಂಡು ಹಾಕಿಸಬೇಕು. ನನ್ನ ಕೈಲಿದ್ದರೆ ನಮ್ಮೂರ ರಸ್ತೆಗೆ ಕೆಳಕ್ಕೆ ಇಳಿಯುತ್ತೇನೆಯೇ ಹೊರತು ಮೇಲಕ್ಕೆ ಏರುವುದಿಲ್ಲ. ಭಾವ 18ರಲ್ಲೇ ಉಳಿದರು.

ಇಲ್ಲಿಂದ ಮುಂದೆ ನಿಜವಾದ ಪ್ರಶ್ನೆ ಬಂತು. ರನ್‌ಫ್ಲ್ಯಾಟ್ ಬೇಕೋ, ಸಾಮಾನ್ಯ ಟೈರ್ ಬೇಕೋ?

ನಾವು ಹೆಚ್ಚುವರಿ ಚಕ್ರಕ್ಕೆ ಸ್ಟೆಪ್ನಿ ಎನ್ನುತ್ತೇವೆ. ಈ ಹೆಸರು ವೇಲ್ಸ್ ದೇಶದ ಲನೆತ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದು. ಕಾರುಗಳು ಸ್ಪೇರ್ ಚಕ್ರವಿಲ್ಲದೆ ಓಡಾಡುತ್ತಿದ್ದ 1904ರಲ್ಲಿ ಅಲ್ಲಿನ ಡೇವಿಸ್ ಸೋದರರು ಅಂಥ ಚಕ್ರವನ್ನು ಮಾರಾಟಕ್ಕೆ ತಂದರು. ಇಂಗ್ಲಿಷರೇ ಮರೆತ ಆ ಹೆಸರನ್ನು ನಮ್ಮ ಪಂಕ್ಚರ್ ಅಂಗಡಿಗಳು ಇಂದಿಗೂ ಉಳಿಸಿಕೊಂಡಿವೆ. ಭಾವನ ಕಾರಿನಲ್ಲಿ ಮಾತ್ರ ಸ್ಟೆಪ್ನಿ ಇಲ್ಲ. ಅದರ ಬದಲಿಗೆ ಕೊಟ್ಟಿರುವುದೇ ರನ್‌ಫ್ಲ್ಯಾಟ್ ಟೈರ್. ಇದರ ಪಕ್ಕೆಗಳು ಎಷ್ಟು ದಪ್ಪ ಮತ್ತು ಗಟ್ಟಿ ಎಂದರೆ ಗಾಳಿ ಪೂರ್ತಿ ಹೋದರೂ ಕಾರಿನ ಭಾರವನ್ನು ಅವೇ ಹೊರುತ್ತವೆ. ಗಂಟೆಗೆ 80 ಕಿ.ಮೀ. ಮೀರದಂತೆ ಸುಮಾರು 80 ಕಿ.ಮೀ. ದೂರ ಹೋಗಬಹುದು. 1997ರ ಷೆವರ್ಲೆ ಕಾರ್ವೆಟ್ ಸ್ಟೆಪ್ನಿಯನ್ನೇ ಕೈಬಿಟ್ಟು ಇಂಥ ಟೈರುಗಳ ಮೇಲೆ ಬಂದಿತ್ತು. ಆಮೇಲೆ ಇದನ್ನು ಮನೆಮಾತು ಮಾಡಿದ್ದು ಬಿಎಂಡಬ್ಲ್ಯು.

ಗಟ್ಟಿ ಪಕ್ಕೆಯ ಬೆಲೆ ಸೊಂಟ ತೆರುತ್ತದೆ. ಸಾಮಾನ್ಯ ಟೈರಿನಲ್ಲಿ ಪಕ್ಕೆ ಮಡಿಚಿಕೊಂಡು ಗುಂಡಿಯ ಪೆಟ್ಟನ್ನು ನುಂಗುತ್ತದೆ. ರನ್‌ಫ್ಲ್ಯಾಟ್ ಅಷ್ಟಾಗಿ ಮಡಿಚಿಕೊಳ್ಳುವುದಿಲ್ಲ. ಪೆಟ್ಟು ನೇರ ರಿಮ್ಮಿಗೆ, ಅಲ್ಲಿಂದ ಸಸ್ಪೆನ್ಶನ್ನಿಗೆ, ಅಲ್ಲಿಂದ ನಮ್ಮ ಬೆನ್ನಿಗೆ ಹೋಗುತ್ತದೆ. ಟೈರ್ ಭಾರ ಹೆಚ್ಚು, ಬೆಲೆಯೂ ಹೆಚ್ಚು. ಗಾಳಿಯಿಲ್ಲದೆ ಓಡಿದ ಮೇಲೆ ಒಳಗಿನ ಪಕ್ಕೆ ಬೆಂದು ಹೋಗಿದೆಯೇ ಎಂಬುದು ಹೊರಗಿನಿಂದ ತಿಳಿಯದ ಕಾರಣ, ಅಂಥ ಟೈರಿಗೆ ಪಂಕ್ಚರ್ ಹಾಕಿ ಮತ್ತೆ ಓಡಿಸುವುದು ಅಪಾಯ. ಮತ್ತೊಂದು ವಿಷಯ, ಗಾಳಿ ಹೋದರೂ ಟೈರ್ ಚಪ್ಪಟೆಯಾದಂತೆ ಕಾಣುವುದಿಲ್ಲ. ಹಾಗಾಗಿ ಡ್ಯಾಶ್‌ಬೋರ್ಡಿನ ಟೈರ್ ಒತ್ತಡದ ದೀಪ ಸರಿಯಾಗಿ ಕೆಲಸ ಮಾಡುತ್ತಿರಲೇಬೇಕು.

ಇದೆಲ್ಲ ಹೇಳಿ ನಾನು ಭಾವನಿಗೆ ಸಾಮಾನ್ಯ ಟೈರನ್ನೇ ಹಾಕಿಸಲು ಒತ್ತಾಯಿಸಿದೆ. ಡಿಕ್ಕಿಯಲ್ಲಿ ಸಣ್ಣ ಸ್ಟೆಪ್ನಿ ಇಟ್ಟುಕೊಳ್ಳಿ, ಜೊತೆಗೆ ಗಾಳಿ ಪಂಪು ಇರಲಿ ಎಂದೆ. 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಟ್ಯೂಬ್‌ಲೆಸ್ ಟೈರ್, ರಿಪೇರಿ ಕಿಟ್ ಮತ್ತು ಒತ್ತಡ ಸೂಚಕ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಿದೆ. ಆದರೆ ಕಿಟ್ಟಿನ ಅಂಟು ಮೊಳೆ ಚುಚ್ಚಿದ ತೂತನ್ನು ಮುಚ್ಚಬಲ್ಲದೇ ಹೊರತು ಗುಂಡಿಯಲ್ಲಿ ಸೀಳಿದ ಪಕ್ಕೆಯನ್ನಲ್ಲ. ನಮ್ಮಲ್ಲಿ ಎರಡನೆಯದೂ ಕಡಿಮೆಯೇನಲ್ಲ.

ಭಾವ ಒಪ್ಪುವುದರಲ್ಲಿದ್ದರು. ಆಗ ಫೋನಿನಲ್ಲಿದ್ದ ಅಕ್ಕ ಕೇಳಿದಳು: "ಆ ಕಾರು ವಾರದಲ್ಲಿ ಐದು ದಿನ ಓಡಿಸೋದು ಯಾರು? ರಾತ್ರಿ ಹತ್ತೂವರೆಗೆ ಆಫೀಸಿಂದ ಒಬ್ಬಳೇ ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಟೈರ್ ಹೋದ್ರೆ ನಾನು ಇಳಿದು ಜಾಕ್ ಹಾಕ್ಲಾ?"

ನನ್ನ ಬಳಿ ಉತ್ತರವಿರಲಿಲ್ಲ. ನಾನು ರಸ್ತೆ ನೋಡಿದ್ದೆ, ಟೈರ್ ನೋಡಿದ್ದೆ, ಸ್ಟೀರಿಂಗ್ ಹಿಂದೆ ಕೂರುವವಳನ್ನು ನೋಡಿರಲಿಲ್ಲ. ಹೆಬ್ಬಾಳದಿಂದ ಅವರ ಮನೆಗೆ ಹೆಚ್ಚೆಂದರೆ ಹದಿನೈದು ಕಿ.ಮೀ. ರನ್‌ಫ್ಲ್ಯಾಟ್ ಇದ್ದರೆ ಅವಳು ಕಾರಿನಿಂದ ಇಳಿಯದೆ ಮನೆ ಬಾಗಿಲಿಗೆ ಬರುತ್ತಾಳೆ. ವಾರಕ್ಕೊಮ್ಮೆ ಊರಿಗೆ, ಎಸ್ಟೇಟಿಗೆ ಓಡಾಡುವ ಕುಟುಂಬಕ್ಕೆ ನನ್ನ ಸಲಹೆ ಈಗಲೂ ಸಾಮಾನ್ಯ ಟೈರ್ ಮತ್ತು ಸ್ಟೆಪ್ನಿಯೇ. ಸಕಲೇಶಪುರದಲ್ಲಿ ರನ್‌ಫ್ಲ್ಯಾಟಿನ ಗಾಳಿ ಹೋದರೆ ಹಾಸನ ತಲುಪಬಹುದು, ಆದರೆ ಅಲ್ಲಿ ರಾತ್ರಿ 255/40 ಆರ್18 ಟೈರನ್ನು ಎಲ್ಲಿ ಹುಡುಕುವುದು? ನಗರದೊಳಗೇ ಓಡಾಡುವ, ಒಬ್ಬರೇ ಓಡಿಸುವ, ಹೊತ್ತುಮೀರಿ ಮನೆಗೆ ಬರುವವರಿಗೆ ರನ್‌ಫ್ಲ್ಯಾಟೇ ಸರಿ. ಅಕ್ಕನ ಕಾರಿಗೆ ರನ್‌ಫ್ಲ್ಯಾಟ್ ಎಂದು ತೀರ್ಮಾನವಾಯಿತು.

ಮುಂದಿನದು ಮಳೆ. ನಮ್ಮ ನಾಡಿನಲ್ಲಿ ಟೈರಿನ ನಿಜವಾದ ಪರೀಕ್ಷೆ ನಡೆಯುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ. ಟೈರಿನ ಮೇಲಿನ ಕಾಲುವೆಗಳು ಇರುವುದು ಅಂದಕ್ಕಲ್ಲ, ರಬ್ಬರಿಗೂ ರಸ್ತೆಗೂ ನಡುವೆ ಸಿಕ್ಕ ನೀರನ್ನು ಹೊರಕ್ಕೆ ತಳ್ಳಲು. ಹೊಸ ಟೈರಿನಲ್ಲಿ ಅವುಗಳ ಆಳ ಸುಮಾರು 8 ಮಿಲಿಮೀಟರ್. ಕಾನೂನು 1.6ರವರೆಗೆ ಬಿಡುತ್ತದೆ. ಕಾಲುವೆಯ ತಳದಲ್ಲಿ ಅಡ್ಡಲಾಗಿರುವ ಪುಟ್ಟ ದಿಬ್ಬಗಳ ಮಟ್ಟಕ್ಕೆ ರಬ್ಬರ್ ಸವೆದರೆ ಆ ಮಿತಿ ಮುಟ್ಟಿದಂತೆ. ನನ್ನ ಮಟ್ಟಿಗೆ, ಘಾಟಿ ಇಳಿಯುವವರು 3 ಮಿಲಿಮೀಟರಿಗೇ ಬದಲಾಯಿಸಬೇಕು. ಅದಕ್ಕಿಂತ ಕಡಿಮೆ ಆಳದಲ್ಲಿ ನೀರಿಗೆ ಹೋಗಲು ದಾರಿ ಸಾಲದೆ ಟೈರ್ ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಆಗ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ನಾಸಾದ ವಾಲ್ಟರ್ ಹಾರ್ನ್ 1960ರ ದಶಕದಲ್ಲಿ ವಿಮಾನದ ಚಕ್ರಗಳ ಮೇಲೆ ಪ್ರಯೋಗ ಮಾಡಿ, ತೇಲುವ ವೇಗ ಟೈರಿನೊಳಗಿನ ಒತ್ತಡವನ್ನು ಅವಲಂಬಿಸಿದೆ ಎಂದು ತೋರಿಸಿದರು. ಅವರ ಸೂತ್ರದಂತೆ, ಪೂರ್ತಿ ಸವೆದ ಟೈರ್ ನಿಂತ ನೀರಿನ ಮೇಲೆ ಹೋದರೆ 33 ಪಿಎಸ್‌ಐಗೆ ಆ ವೇಗ ಗಂಟೆಗೆ ಸುಮಾರು 95 ಕಿ.ಮೀ. ಗಾಳಿ 25ಕ್ಕೆ ಇಳಿದಿದ್ದರೆ 83. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಅನುಮತಿಸಿದ ವೇಗ 100 ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಹೀಗಾಗಿ ಟೈರ್ ಆರಿಸುವಾಗ ನಾನು ಮೊದಲು ಕೇಳುವುದು ಒದ್ದೆ ರಸ್ತೆಯ ಹಿಡಿತ ಹೇಗಿದೆ ಎಂದು. ಯುರೋಪಿನ ಲೇಬಲ್ ಇದಕ್ಕೆ 'ಎ'ಯಿಂದ 'ಇ'ವರೆಗೆ ದರ್ಜೆ ಕೊಡುತ್ತದೆ. ಅದು 'ಎಫ್'ವರೆಗೆ ಇದ್ದ ಕಾಲದಲ್ಲಿ, 80 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದಾಗ ತುದಿಯಿಂದ ತುದಿಗೆ ನಿಲ್ಲುವ ದೂರದಲ್ಲಿ 18 ಮೀಟರ್‌ವರೆಗೆ ವ್ಯತ್ಯಾಸ ಇರುತ್ತದೆ ಎಂದು ಹೇಳುತ್ತಿದ್ದರು. ನಾಲ್ಕು ಕಾರು ಸಾಲಾಗಿ ನಿಲ್ಲಿಸಿದಷ್ಟು ದೂರ. 'ಎ' ಇರುವುದನ್ನು ಕೊಳ್ಳಿ, 'ಬಿ'ಗಿಂತ ಕೆಳಗೆ ಬೇಡ.

ಈ ಬಗೆಯ ಕಾರಿಗೆ ಎರಡು ಜಾತಿಯ ಟೈರ್ ಸಿಗುತ್ತವೆ. ಮಿಶೆಲಿನ್ ಪೈಲಟ್ ಸ್ಪೋರ್ಟ್, ಪಿರೆಲ್ಲಿ ಪಿ ಝೀರೊ, ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್, ಬ್ರಿಡ್ಜ್‌ಸ್ಟೋನ್ ಪೊಟೆನ್ಜಾ ಇವು ಓಟದ ಜಾತಿ. ಮಿಶೆಲಿನ್ ಪ್ರೈಮಸಿ, ಪಿರೆಲ್ಲಿ ಚಿಂಟುರಾಟೊ, ಬ್ರಿಡ್ಜ್‌ಸ್ಟೋನ್ ಟುರಾನ್ಜಾ ಇವು ಸದ್ದು ಕಡಿಮೆ, ಬಾಳಿಕೆ ಹೆಚ್ಚು ಇರುವ ಪ್ರಯಾಣದ ಜಾತಿ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡುವ ಕಾರಿಗೆ ಎರಡನೆಯದೇ ಹೊಂದುತ್ತದೆ. ತಿರುವುಗಳನ್ನು ಪ್ರೀತಿಸಿ ಈ ಕಾರು ಕೊಂಡವರಿಗೆ ಮೊದಲನೆಯದರಲ್ಲಿ ಸಿಗುವ ಸ್ಟೀರಿಂಗಿನ ಮಾತು ಬೇರೆಲ್ಲೂ ಸಿಗದು ಎಂಬುದನ್ನೂ ಒಪ್ಪುತ್ತೇನೆ. ಅಮೆರಿಕದಿಂದ ಬಂದ ಲೇಖನ ಓದಿ 'ಆಲ್ ಸೀಸನ್' ಟೈರ್ ಕೇಳುವವರಿದ್ದಾರೆ. ಅವು ಹಿಮಕ್ಕೂ ಹೊಂದಲೆಂದು ಮಾಡಿದ ರಾಜಿ. ಚಳಿಗಾಲದ ಟೈರ್ ಬೇಕೆನಿಸುವುದು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ. ಬೆಂಗಳೂರಿನ ದಾಖಲೆಯ ಕನಿಷ್ಠ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ.

ಎಲ್ಲ ಅಳತೆಯೂ ಎಲ್ಲ ಹೊತ್ತಿಗೂ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ಪರವಾನಗಿಗೆ ಒಳಪಡಿಸಿದ ಮೇಲೆ ದೊಡ್ಡ ಕಾರುಗಳ ಟೈರಿಗೆ ತತ್ವಾರವಾಗಿತ್ತು. ಆಗ ಬಿದ್ದ ತೆರಪಿಗೆ ನಮ್ಮವರೂ ಇಳಿದರು. ಮೈಸೂರಿನ ವಿಕ್ರಾಂತ್ ಕಾರ್ಖಾನೆಯನ್ನು 1997ರಲ್ಲಿ ವಹಿಸಿಕೊಂಡ ಜೆಕೆ ಟೈರ್ ಐಷಾರಾಮಿ ಕಾರುಗಳಿಗೆಂದೇ 'ಲೆವಿಟಾಸ್' ತಂದಿದೆ. ಅಪೊಲೊ ತನ್ನ ಡಚ್ ಕಂಪನಿ ವ್ರೆಡೆಸ್ಟೈನ್ ಹೆಸರಿನಲ್ಲಿ ಮಾರುತ್ತಿದೆ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ.

ಅಂಗಡಿಯಲ್ಲಿ ಹಣ ಕೊಡುವ ಮುನ್ನ ಟೈರಿನ ಪಕ್ಕೆಯ ಮೇಲೆ 'ಡಾಟ್' ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಓಡದೆ ಗೋದಾಮಿನಲ್ಲಿ ಕೂತರೂ ರಬ್ಬರಿಗೆ ವಯಸ್ಸಾಗುತ್ತದೆ. ನಾಲ್ಕರಲ್ಲೂ ಓದಿ, ಒಂದರಲ್ಲಿ ಓದಿ ಬಿಡಬೇಡಿ. ಐಎಸ್ಐ ಗುರುತು ಇರಲಿ. ರನ್‌ಫ್ಲ್ಯಾಟಿನ ಗಟ್ಟಿ ಪಕ್ಕೆಯನ್ನು ರಿಮ್ಮಿಗೆ ಏರಿಸಲು ಸಹಾಯಕ ತೋಳಿರುವ ಯಂತ್ರ ಬೇಕು. ಕಬ್ಬಿಣದ ಪಟ್ಟಿ ಹಾಕಿ ಮೀಟುವ ಅಂಗಡಿಯಾದರೆ ಎದ್ದು ಬನ್ನಿ. ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿಸಲಿ. ನೈಟ್ರೋಜನ್‌ಗೆ ಬೇರೆ ದುಡ್ಡು ಕೇಳಿದರೆ ಕೊಡಲೇಬೇಕೆಂದಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇ 78ರಷ್ಟಿದೆ. ಹದಿನೈದು ದಿನಕ್ಕೊಮ್ಮೆ ತಣ್ಣಗಿರುವಾಗ ಒತ್ತಡ ನೋಡುವುದು ಅದಕ್ಕಿಂತ ಮುಖ್ಯ. ಎರಡೇ ಟೈರ್ ಬದಲಾಯಿಸುವುದಾದರೆ, ಅಳತೆ ಎಲ್ಲ ಒಂದೇ ಇರುವ ಕಾರಿನಲ್ಲಿ ಹೊಸ ಜೋಡಿ ಹಿಂದಕ್ಕೇ ಹೋಗಬೇಕು, ಒದ್ದೆ ತಿರುವಿನಲ್ಲಿ ಕಾರಿನ ಹಿಂಭಾಗ ಜಾರದಿರಲು. ಹೊಸ ಟೈರಿನ ಮೇಲ್ಮೈ ನಯ ಹೋಗುವವರೆಗೆ, ಮೊದಲ 200–300 ಕಿ.ಮೀ. ಮೆಲ್ಲಗೆ ಓಡಿಸಿ. ಇನ್ನೊಂದು ಮಾತು: ಸಾಮಾನ್ಯ ಮೋಟಾರು ವಿಮೆ ಬರೀ ಟೈರಿಗೆ ಆದ ಹಾನಿಯನ್ನು ಕೊಡುವುದಿಲ್ಲ. ಕಾರಿಗೂ ಜೊತೆಯಲ್ಲೇ ಪೆಟ್ಟಾಗಿದ್ದರೆ ಮಾತ್ರ ಟೈರಿನ ಬೆಲೆಯ ಅರ್ಧ ಕೊಡುತ್ತದೆ. ಟೈರಿಗೆಂದೇ ಪ್ರತ್ಯೇಕ ರಕ್ಷೆ ಸೇರಿಸಿಕೊಳ್ಳಬಹುದು.

ಸಂಜೆ ಐದಕ್ಕೆ ಕಾರು ಇಳಿಯಿತು. ತಂತಿ ಬಂದ ಹಳೆಯ ಟೈರನ್ನು ಭಾವ ಅಂಗಡಿಯವನಿಗೆ ಬಿಡಲಿಲ್ಲ. ಡಿಕ್ಕಿಯಲ್ಲಿ ಹಾಕಿಸಿಕೊಂಡು ಹೋಗಿ ಮನೆಯ ಗ್ಯಾರೇಜಿನ ಗೋಡೆಗೆ ಒಳ ಅಂಚು ಕಾಣುವಂತೆ ಒರಗಿಸಿದ್ದಾರೆ, ಮಗ ನಾಳೆ ಕಾರು ಓಡಿಸುವಾಗ ನೆನಪಿರಲಿ ಎಂದು.

ನಿಮ್ಮ ಕಾರು ಯಾವುದೇ ಇರಲಿ, ಈ ಭಾನುವಾರ ಅದು ತಣ್ಣಗೆ ನಿಂತಿರುವಾಗ ಹಿಂದಿನ ಚಕ್ರದ ಪಕ್ಕ ಕುಳಿತುಕೊಳ್ಳಿ. ಟೈರಿನ ಒಳ ಅಂಚಿಗೆ ಬೆಳಕು ಬಿಟ್ಟು ನೋಡಿ, ಆಮೇಲೆ ಮೆಲ್ಲಗೆ ಕೈಯಾಡಿಸಿ. ಎಳೆ ಕಂಡರೆ ಅಥವಾ ಬೆರಳಿಗೆ ತಗುಲಿದರೆ ಕಾರನ್ನು ಅಲ್ಲಿಂದ ನೇರ ಟೈರ್ ಅಂಗಡಿಗೇ ಒಯ್ಯಿರಿ, ಅದೂ ಮೆಲ್ಲಗೆ.